ಐವತ್ತು ಪೌಂಡಿನ ಸ್ಟ್ರೈಪರ್

ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಗಾಳದ ಕೋಲು ಹಿಡಿದು ಕಡಲಂಚಿಗೆ ಇಳಿಯುವವರ ನಡುವೆ ‘ಐವತ್ತು’ ಎಂದರೆ ಸಾಕು, ಏನು ಐವತ್ತು ಎಂದು ಯಾರೂ ಮರಳಿ ಕೇಳುವುದಿಲ್ಲ. ಅದು 50 ಪೌಂಡ್ ತೂಗುವ ಸ್ಟ್ರೈಪ್ಡ್ ಬಾಸ್ ಮೀನು. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 22.7 ಕಿಲೋ. ಲಾಂಗ್ ಐಲೆಂಡಿನ ತುದಿಯಲ್ಲಿರುವ ಮಾಂಟಾಕ್‌ನ ಬಂಡೆಗಳ ಮೇಲೆ, ಮ್ಯಾಸಚೂಸೆಟ್ಸಿನ ಕೇಪ್ ಕಾಡ್ ಕಾಲುವೆಯ ಕಲ್ಲುದಡದಲ್ಲಿ, ನ್ಯೂಜೆರ್ಸಿಯ ಮರಳುತೀರದಲ್ಲಿ ದಶಕಗಟ್ಟಲೆ ರಾತ್ರಿ ನಿದ್ದೆಗೆಟ್ಟು ನಿಂತರೂ ಆ ತೂಕದ ಒಂದೇ ಒಂದು ಮೀನನ್ನು ಕೈಯಾರೆ ಮುಟ್ಟದವರು ಬಹಳ ಮಂದಿ ಇದ್ದಾರೆ. ಮುಟ್ಟಿದವರು ಆ ದಿನದ ಗಾಳಿ ಯಾವ ದಿಕ್ಕಿನದು, ಇಳಿತ ಶುರುವಾಗಿ ಎಷ್ಟು ಹೊತ್ತಾಗಿತ್ತು, ಗಾಳಕ್ಕೆ ಸಿಕ್ಕಿಸಿದ್ದ ಎರೆ ಯಾವುದು ಎಂಬುದನ್ನೆಲ್ಲ ಕೊನೆಯವರೆಗೂ ಹೇಳಬಲ್ಲರು.

ಕೇಳುಗರೇ, ಈ ಹೊತ್ತಿನ ಮಾತು ಆ ಮೀನನ್ನು ಕುರಿತದ್ದು. ಎಂಥದ್ದನ್ನು ದೊಡ್ಡ ಮೀನು ಎನ್ನಬೇಕು ಎಂದು ಆ ಜನ ಹಾಕಿಕೊಂಡು ಬಂದ ಲೆಕ್ಕವನ್ನು ಕುರಿತದ್ದು. ಮೇಲ್ನೋಟಕ್ಕೆ ಇದು ತಕ್ಕಡಿಯ ವಿಷಯ. ಆದರೆ ಆ ಲೆಕ್ಕವನ್ನು ಹಿಡಿದು ಹಿಂದಕ್ಕೆ ಹೋದರೆ ಒಂದು ಕರಾವಳಿಯ ಮೀನುಸಂಪತ್ತು ಹೇಗೆ ಬರಿದಾಯಿತು, ಹೇಗೆ ಮರಳಿ ತುಂಬಿತು, ಈಗ ಮತ್ತೆ ಯಾಕೆ ಆತಂಕದಲ್ಲಿದೆ ಎಂಬುದೆಲ್ಲ ಒಂದರ ಹಿಂದೆ ಒಂದು ಕಾಣಿಸುತ್ತದೆ.

ಮೊದಲು ಮೀನನ್ನೇ ನೋಡೋಣ. ಬೆನ್ನು ಹಸಿರುಗಪ್ಪು, ಪಕ್ಕೆಗಳು ಬೆಳ್ಳಿ, ಹೊಟ್ಟೆ ಬಿಳುಪು. ಕಿವಿರಿನ ಹಿಂಭಾಗದಿಂದ ಬಾಲದ ಬುಡದವರೆಗೆ ಏಳೋ ಎಂಟೋ ಕಪ್ಪು ಗೆರೆಗಳು. ವಿಜ್ಞಾನಿಗಳು ಇದನ್ನು ಮೊರೋನ್ ಸ್ಯಾಕ್ಸಟಿಲಿಸ್ ಎನ್ನುತ್ತಾರೆ, ಗಾಳಗಾರರು ಸ್ಟ್ರೈಪರ್ ಎನ್ನುತ್ತಾರೆ, ಚೆಸಾಪೀಕ್ ಕೊಲ್ಲಿಯ ಸುತ್ತಲಿನವರು ರಾಕ್‌ಫಿಶ್ ಎನ್ನುತ್ತಾರೆ. ಮೇರಿಲ್ಯಾಂಡಿಗೆ ಇದು ರಾಜ್ಯದ ಮೀನು. ಉತ್ತರದಲ್ಲಿ ಕೆನಡಾದ ಸೇಂಟ್ ಲಾರೆನ್ಸ್ ನದಿಯಿಂದ ದಕ್ಷಿಣದಲ್ಲಿ ಫ್ಲಾರಿಡಾದ ಸೇಂಟ್ ಜಾನ್ಸ್ ನದಿಯವರೆಗೆ ಅಟ್ಲಾಂಟಿಕ್ ಅಂಚಿನಲ್ಲಿ ಇದರ ವಾಸ.

ಇದು ಹುಟ್ಟುವುದು ಸಿಹಿನೀರಿನಲ್ಲಿ, ಬೆಳೆಯುವುದು ಉಪ್ಪುನೀರಿನಲ್ಲಿ. ವಸಂತ ಬಂದು ನೀರು ಬೆಚ್ಚಗಾಗುತ್ತಿದ್ದಂತೆ ದೊಡ್ಡ ಮೀನುಗಳು ಅಳಿವೆ ದಾಟಿ ನದಿಗಳ ಮೇಲಕ್ಕೆ ಏರುತ್ತವೆ. ಅಲ್ಲಿ ಇಟ್ಟ ಮೊಟ್ಟೆ ಒಡೆಯಲು ಎರಡು ಮೂರು ದಿನ ಬೇಕು. ಅಷ್ಟು ಹೊತ್ತೂ ಹರಿವು ಅದನ್ನು ನಡುನೀರಿನಲ್ಲಿ ತೇಲಿಸಿಟ್ಟಿರಬೇಕು. ತಳದ ಕೆಸರಿಗೆ ಇಳಿದರೆ ಉಸಿರುಗಟ್ಟಿ ಸಾಯುತ್ತದೆ. ಹಾಗಾಗಿ ಆ ವರ್ಷದ ಮಳೆ, ಚಳಿ, ನದಿಯ ಹರಿವು ಎಲ್ಲ ಕೂಡಿಬಂದರೆ ಮರಿಗಳು ಹೇರಳ, ಇಲ್ಲದಿದ್ದರೆ ಬರ. ಚೆಸಾಪೀಕ್ ಕೊಲ್ಲಿಗೆ ಸೇರುವ ನದಿಗಳು, ಡೆಲವೇರ್, ಹಡ್ಸನ್ ಇವೇ ಮುಖ್ಯ ತವರುಗಳು. ಇವುಗಳಲ್ಲಿ ಚೆಸಾಪೀಕ್‌ನದೇ ಬಹುಪಾಲು. ಕೆಲವು ವರ್ಷ ಕೊಲ್ಲಿಯಲ್ಲೇ ಬೆಳೆದ ಹೆಣ್ಣುಮೀನುಗಳು ಆಮೇಲೆ ಸಾಗರಕ್ಕೆ ಇಳಿದು ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್, ಮೇಯ್ನ್‌ವರೆಗೆ ಹೋಗುತ್ತವೆ. ಚಳಿ ಕಾಲಿಡುತ್ತಿದ್ದಂತೆ ವರ್ಜೀನಿಯಾ, ಉತ್ತರ ಕೆರೊಲಿನಾದ ಕಡೆಗೆ ಮರಳುತ್ತವೆ. ಗಂಡುಗಳಲ್ಲಿ ಹಲವು ಕೊಲ್ಲಿ ಬಿಟ್ಟು ಕದಲುವುದೇ ಇಲ್ಲ. 30 ಪೌಂಡ್ ದಾಟಿದ ಸ್ಟ್ರೈಪರ್ ಹೆಚ್ಚುಕಡಿಮೆ ಯಾವಾಗಲೂ ಹೆಣ್ಣು. ದೊಡ್ಡ ಮೀನಿನ ಬಗ್ಗೆ ಮುಂದೆ ಏನೇ ಹೇಳಿದರೂ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಗಾಳಗಾರರ ಲೆಕ್ಕ ಹೀಗೆ ನಡೆಯುತ್ತದೆ. ಗುಂಪು ಕಟ್ಟಿಕೊಂಡು ತಿರುಗುವ ಎಳೆಯ ಮೀನು ‘ಸ್ಕೂಲಿ’. ಸುಮಾರು 28 ಇಂಚು ಉದ್ದವಾದಾಗ ಅದು ಎಂಟರಿಂದ ಹತ್ತು ಪೌಂಡ್ ತೂಗುತ್ತದೆ. ಬಹುಕಾಲ ಮನೆಗೆ ಒಯ್ಯಬಹುದಾದ ಮೀನಿನ ಕನಿಷ್ಠ ಉದ್ದ ಇದೇ ಆಗಿದ್ದುದರಿಂದ ಅದಕ್ಕೆ ‘ಕೀಪರ್’ ಎಂದು ಹೆಸರು. 20 ಪೌಂಡ್ ಎಂದರೆ ಒಳ್ಳೆಯ ಮೀನು, ಗೆಳೆಯರಿಗೆ ಫೋನು ಮಾಡಿ ಹೇಳುವಂಥದ್ದು. 30ಕ್ಕೆ ಬಂದರೆ ದೊಡ್ಡದು ಎಂಬುದನ್ನು ಯಾರೂ ಅಲ್ಲಗಳೆಯರು. 40 ಇಂಚು ಮೀರಿದ ಭಾರದ ಹೆಣ್ಣುಮೀನನ್ನು ಅವರು ‘ಕೌ’ ಎನ್ನುತ್ತಾರೆ. ದಡದಲ್ಲಿ ನಿಂತು 40 ಪೌಂಡಿನದನ್ನು ಹಿಡಿದವನು ತನ್ನ ಊರಿನ ಗಾಳಗಾರರ ಸಂಘದಲ್ಲಿ ಹೆಸರು ಮಾಡುತ್ತಾನೆ. 50 ಆಯಿತೋ, ಅದು ಬದುಕಿನ ಮೀನು. 60 ದಾಟಿದ್ದು ಇಡೀ ಕರಾವಳಿಯಲ್ಲಿ ಸುದ್ದಿ. 70 ದಾಟಿದವುಗಳನ್ನು ಊರು, ಹೆಸರು, ತಾರೀಖಿನ ಸಮೇತ ನೆನಪಿಟ್ಟುಕೊಂಡವರಿದ್ದಾರೆ.

ಆದರೆ ತೂಕ ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ದೋಣಿಯಲ್ಲಿ ಮೀನಿನ ಮೇಲಕ್ಕೇ ಹೋಗಿ, ಸೋನಾರ್ ಪರದೆಯಲ್ಲಿ ಅದರ ಗುರುತು ನೋಡಿ, ಜೀವಂತ ಮೆನ್‌ಹೇಡನ್ ಮೀನನ್ನು ಗಾಳಕ್ಕೆ ಸಿಕ್ಕಿಸಿ ಇಳಿಬಿಟ್ಟವನ 40 ಪೌಂಡಿಗೂ, ಕತ್ತಲಲ್ಲಿ ಎದೆಮಟ್ಟದ ಅಲೆಯಲ್ಲಿ ಜಾರುವ ಬಂಡೆಯ ಮೇಲೆ ನಿಂತು ಮರದ ಹುಸಿಮೀನನ್ನು ಬೀಸಿ ಎಸೆದವನ 40 ಪೌಂಡಿಗೂ ಅವರು ಒಂದೇ ಬೆಲೆ ಕಟ್ಟುವುದಿಲ್ಲ. ಮಾಂಟಾಕ್‌ನಲ್ಲಿ ಕೆಲವರು ವೆಟ್‌ಸೂಟ್ ತೊಟ್ಟು ಈಜಿ, ದಡದಿಂದ ದೂರದ ಬಂಡೆಯನ್ನು ಹತ್ತಿ ಅಲ್ಲಿಂದ ಗಾಳ ಎಸೆಯುತ್ತಾರೆ. ಸಪೂರ ದಾರದಲ್ಲಿ ಹಿಡಿದದ್ದಕ್ಕೆ, ‘ಫ್ಲೈ’ ಎಂಬ ಹಗುರ ಎರೆಯಿಂದ ಫ್ಲೈ ಕೋಲಿನಲ್ಲಿ ಹಿಡಿದದ್ದಕ್ಕೆ ಮತ್ತೆ ಬೇರೆ ಲೆಕ್ಕ. ಇದು ಸರಿಯಾದ ನಡವಳಿಕೆ ಎಂದೇ ಹೇಳಬೇಕು. ಮೀನು ತಪ್ಪಿಸಿಕೊಳ್ಳುವ ಅವಕಾಶ ಹೆಚ್ಚಿದಷ್ಟೂ ಹಿಡಿದವನ ಕೌಶಲಕ್ಕೆ ಬೆಲೆ ಏರುತ್ತದೆ.

ಸ್ಥಳವೂ ಲೆಕ್ಕಕ್ಕೆ ಬರುತ್ತದೆ. ಕಡಲನ್ನೇ ಕಾಣದೆ ಅಣೆಕಟ್ಟಿನ ಹಿನ್ನೀರಿನಲ್ಲಿ ಬದುಕುವ ಸ್ಟ್ರೈಪರ್‌ಗಳೂ ಇವೆ. ದಕ್ಷಿಣ ಕೆರೊಲಿನಾದಲ್ಲಿ ಸ್ಯಾಂಟೀ ಮತ್ತು ಕೂಪರ್ ನದಿಗಳಿಗೆ ಅಡ್ಡಲಾಗಿ 1940ರ ದಶಕದ ಆರಂಭದಲ್ಲಿ ಕಟ್ಟೆಗಳು ಎದ್ದಾಗ ಒಳಗೆ ಉಳಿದ ಮೀನುಗಳು ಸತ್ತುಹೋಗದೆ, ಅಲ್ಲೇ ಮೊಟ್ಟೆಯಿಟ್ಟು ಸಂಸಾರ ಹೂಡಿದವು. ಅದನ್ನು ಕಂಡ ಇತರ ರಾಜ್ಯಗಳು ತಮ್ಮ ಜಲಾಶಯಗಳಿಗೂ ಮರಿಗಳನ್ನು ಬಿಟ್ಟವು. ಇಂಥ ಒಳನಾಡಿನ ನೀರಿನಲ್ಲಿ 2013ರ ಫೆಬ್ರವರಿಯಲ್ಲಿ ಅಲಬಾಮಾದ ಬ್ಲ್ಯಾಕ್ ವಾರಿಯರ್ ನದಿಯಿಂದ ಜೇಮ್ಸ್ ಬ್ರ್ಯಾಮ್ಲೆಟ್ ಎತ್ತಿದ ಮೀನು 69 ಪೌಂಡ್ 9 ಔನ್ಸ್ ತೂಗಿ ದಾಖಲೆಯಾಯಿತು. ಪಶ್ಚಿಮ ಕರಾವಳಿಯ ಕತೆ ಇನ್ನೂ ವಿಸ್ಮಯದ್ದು. 1879ರಲ್ಲಿ ನ್ಯೂಜೆರ್ಸಿಯ ನೇವ್‌ಸಿಂಕ್ ನದಿಯಿಂದ ಹಿಡಿದ ಸುಮಾರು 130 ಎಳೆಮೀನುಗಳನ್ನು ರೈಲಿನಲ್ಲಿ ಇಡೀ ಖಂಡ ದಾಟಿಸಿ ಕ್ಯಾಲಿಫೋರ್ನಿಯಾದ ಮಾರ್ಟಿನೆಜ್ ಬಳಿ ನೀರಿಗೆ ಬಿಟ್ಟರು. 1882ರಲ್ಲಿ ಇನ್ನೂ ಸುಮಾರು 300 ಬಂದವು. ಇಷ್ಟರಿಂದಲೇ ಇಪ್ಪತ್ತು ವರ್ಷದೊಳಗೆ ಅಲ್ಲಿ ವರ್ಷಕ್ಕೆ ಹತ್ತು ಲಕ್ಷ ಪೌಂಡ್ ಮೀರಿದ ಮೀನುಗಾರಿಕೆ ಬೆಳೆಯಿತು.

ತಕ್ಕಡಿ ಕೈಯಲ್ಲಿ ಇಲ್ಲದಾಗ ತೂಕ ತಿಳಿಯಲು ಗಾಳಗಾರರು ಒಂದು ಸೂತ್ರ ಬಳಸುತ್ತಾರೆ. ಮೀನಿನ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 800ರಿಂದ ಭಾಗಿಸುವುದು. 48 ಇಂಚು ಉದ್ದ, 24 ಇಂಚು ಸುತ್ತಳತೆಯ ಮೀನು ಈ ಲೆಕ್ಕದಲ್ಲಿ 34 ಪೌಂಡ್ ಮೀರಿ ನಿಲ್ಲುತ್ತದೆ. ಅದೇ ಉದ್ದದ ಮೀನು ಹೊಟ್ಟೆ ತುಂಬ ಮೆನ್‌ಹೇಡನ್ ತಿಂದು 28 ಇಂಚು ಸುತ್ತಳತೆಗೆ ಬಂದರೆ 47 ಪೌಂಡ್. ಮೊಟ್ಟೆಯಿಟ್ಟು ಸೊರಗಿ ನದಿಯಿಂದ ಇಳಿದ ಹೆಣ್ಣಿಗೂ ಶರತ್ಕಾಲದಲ್ಲಿ ದಕ್ಷಿಣಕ್ಕೆ ಹೊರಟ ಕೊಬ್ಬಿದ ಹೆಣ್ಣಿಗೂ ಇಂಥ ಅಂತರ ಇರುತ್ತದೆ. ಅಲಬಾಮಾದ ಆ ದಾಖಲೆಯ ಮೀನು ಉದ್ದದಲ್ಲಿ 45 ಇಂಚನ್ನು ಸ್ವಲ್ಪವೇ ದಾಟಿತ್ತು. ಅದರ ಭಾರವೆಲ್ಲ ಹೊಟ್ಟೆಯಲ್ಲಿತ್ತು.

ಇನ್ನು ದಾಖಲೆಗಳ ಮಾತಿಗೆ ಬರೋಣ. ಇವುಗಳಲ್ಲಿ ಹೆಚ್ಚಿನವು ಒಂದೊಂದು ಕಾಲದ ಚಿತ್ರ.

ಮ್ಯಾಸಚೂಸೆಟ್ಸಿನ ದಕ್ಷಿಣಕ್ಕೆ ಎಲಿಜಬೆತ್ ದ್ವೀಪಗಳ ಸಾಲಿನ ಕೊನೆಯಲ್ಲಿ ಕಟಿಹಂಕ್ ಎಂಬ ಪುಟ್ಟ ದ್ವೀಪವಿದೆ. 1864ರಲ್ಲಿ ಶ್ರೀಮಂತ ಗಾಳಗಾರರು ಅಲ್ಲಿ ಒಂದು ಕ್ಲಬ್ ಕಟ್ಟಿದರು. ಬಂಡೆಗಳಿಗೆ ಕಬ್ಬಿಣದ ಸಲಾಕೆ ಬಡಿದು, ಹಲಗೆ ಹಾಸಿ, ಅಲೆಗಳ ಮೇಲೆ ಚಾಚಿದ ಅಟ್ಟಣೆಗಳನ್ನು ಮಾಡಿಸಿದರು. ಸದಸ್ಯ ಅಟ್ಟಣೆಯ ತುದಿಯಲ್ಲಿ ನಿಂತರೆ, ಕೂಲಿಗೆ ಇಟ್ಟುಕೊಂಡ ಸ್ಥಳೀಯನೊಬ್ಬ ಮೀನುಗಳನ್ನು ಹತ್ತಿರ ಸೆಳೆಯಲು ಲಾಬ್‌ಸ್ಟರ್ ಮಾಂಸವನ್ನು ನೀರಿಗೆ ಎಸೆಯುತ್ತಿದ್ದ. ಗಾಳಕ್ಕೆ ಸಿಕ್ಕಿಸುತ್ತಿದ್ದುದೂ ಲಾಬ್‌ಸ್ಟರಿನ ಬಾಲವನ್ನೇ. ಅದೇ ದ್ವೀಪಗಳ ನಡುವಿನ ಕ್ವಿಕ್ಸ್ ಹೋಲ್ ಎಂಬ ಕಿರುಜಲಸಂಧಿಯಲ್ಲಿ 1913ರ ಆಗಸ್ಟ್‌ನಲ್ಲಿ ಚಾರ್ಲ್ಸ್ ಚರ್ಚ್ 73 ಪೌಂಡಿನ ಸ್ಟ್ರೈಪರ್ ಹಿಡಿದರು. 68 ವರ್ಷ ಅದನ್ನು ಯಾರೂ ದಾಟಲಿಲ್ಲ.

ಅದನ್ನು ಸರಿಗಟ್ಟಿದವರು ಒಬ್ಬರಿದ್ದರು. 1967ರಲ್ಲಿ ಕಟಿಹಂಕ್‌ನ ಸೌ ಅಂಡ್ ಪಿಗ್ಸ್ ಬಂಡೆಸಾಲಿನ ಮೇಲೆ ಚಾರ್ಲ್ಸ್ ಸಿಂಟೊ ಹಿಡಿದ ಮೀನೂ ಸರಿಯಾಗಿ 73 ಪೌಂಡ್ ತೂಗಿತು. ಆದರೆ ಅವರು ಬಳಸಿದ್ದು ಲೋಹದ ತಂತಿ. 1939ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಗಾಳ ಮೀನುಗಾರಿಕಾ ಸಂಘದ ನಿಯಮಕ್ಕೆ ಅದು ಒಗ್ಗಲಿಲ್ಲ. ಆದ್ದರಿಂದ ದಾಖಲೆಯ ಪುಸ್ತಕದಲ್ಲಿ ಆ ಮೀನಿಗೆ ಜಾಗ ಸಿಗಲಿಲ್ಲ. ಗಾಳಗಾರರು ಮಾತ್ರ ಇಂದಿಗೂ ಸಿಂಟೊ ಹೆಸರನ್ನು ಗೌರವದಿಂದಲೇ ಎತ್ತುತ್ತಾರೆ.

1981ರ ಜುಲೈನಲ್ಲಿ ಮಾಂಟಾಕ್ ಬಳಿ ಬಾಬ್ ರೋಕೆಟ್ಟಾ 76 ಪೌಂಡಿನದನ್ನು ಹಿಡಿದಾಗ ಚರ್ಚ್ ಅವರ ದಾಖಲೆ ಕೊನೆಗೂ ಮುರಿಯಿತು. ಹೊಸದು ಪೂರ್ತಿ ಒಂದೂವರೆ ವರ್ಷವೂ ಉಳಿಯಲಿಲ್ಲ. 1982ರ ಸೆಪ್ಟೆಂಬರ್ 21ರ ರಾತ್ರಿ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ ಈಶಾನ್ಯದ ಬಿರುಗಾಳಿ ಎದ್ದಿತ್ತು. ಅಲೆಗಳು ಕಲ್ಲಿನ ತಡೆಗೋಡೆಯನ್ನು ಹಾದು ಹೋಗುತ್ತಿದ್ದವು. ಅಂಥ ಹೊತ್ತಿನಲ್ಲಿ ಅಲ್ ಮೆಕ್‌ರೆನಾಲ್ಡ್ಸ್ ಆ ಗೋಡೆಯ ಮೇಲೆ ನಿಂತು ಐದೂವರೆ ಇಂಚಿನ ಪ್ಲಾಸ್ಟಿಕ್ ಹುಸಿಮೀನನ್ನು ಎಸೆದರು. ಅದನ್ನು ನುಂಗಿದ ಮೀನನ್ನು ದಡಕ್ಕೆ ತರಲು ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಬೇಕಾಯಿತು. ತೂಕ 78 ಪೌಂಡ್ 8 ಔನ್ಸ್, ಅಂದರೆ 35.6 ಕಿಲೋ. ಗಾಳದ ಸಲಕರಣೆ ಮಾಡುವ ಆಬು ಗಾರ್ಸಿಯಾ ಕಂಪನಿ ವಿಶ್ವದಾಖಲೆಯ ಮೀನಿಗೆ ಬಹುಮಾನ ಸಾರಿತ್ತು. ಮೆಕ್‌ರೆನಾಲ್ಡ್ಸ್‌ಗೆ ಎರಡೂವರೆ ಲಕ್ಷ ಡಾಲರ್ ದೊರೆಯಿತು. ದಡದಿಂದ, ಬಿರುಗಾಳಿಯಲ್ಲಿ, ಕೃತಕ ಎರೆಯಿಂದ ಹಿಡಿದ ಆ ಮೀನನ್ನೇ ಎಲ್ಲಕ್ಕಿಂತ ದೊಡ್ಡ ಸಾಧನೆ ಎನ್ನುವವರು ಈಗಲೂ ಇದ್ದಾರೆ. ಮೇಲೆ ಹೇಳಿದ ಲೆಕ್ಕವನ್ನು ಒಪ್ಪಿದರೆ ಅವರ ಮಾತು ತಪ್ಪೆನ್ನಲು ಬರುವುದಿಲ್ಲ.

ಆ ದಾಖಲೆ ಸುಮಾರು 29 ವರ್ಷ ಬಾಳಿತು. 2011ರ ಆಗಸ್ಟ್ 4ರ ಸಂಜೆ ಕನೆಟಿಕಟ್‌ನ ವೆಸ್ಟ್‌ಬ್ರೂಕ್ ಬಳಿಯ ಲಾಂಗ್ ಐಲೆಂಡ್ ಸೌಂಡ್‌ನಲ್ಲಿ ಗ್ರೆಗ್ ಮೈಯರ್ಸನ್ ದೋಣಿಯಿಂದ ಜೀವಂತ ಹಾವುಮೀನನ್ನು ಎರೆಯಾಗಿ ಬಂಡೆಗಳ ಮೇಲೆ ತೇಲಿಬಿಟ್ಟರು. ಸಿಕ್ಕಿದ್ದು 54 ಇಂಚು ಉದ್ದದ, 81 ಪೌಂಡ್ 14 ಔನ್ಸಿನ ಹೆಣ್ಣುಮೀನು, 37 ಕಿಲೋಗೂ ಮಿಗಿಲು. ಅಧಿಕೃತ ತೂಕ ಹಾಕಿದ್ದು ಮರುದಿನ. ಹಿಡಿದು ಹೊತ್ತಾದಷ್ಟೂ ಮೀನಿನ ದೇಹದ ನೀರು ಇಳಿಯುತ್ತದೆ ಎಂಬುದು ಗಾಳಗಾರರಿಗೆಲ್ಲ ಗೊತ್ತು. ವಿಶ್ವದಾಖಲೆಯ ಜಾಗದಲ್ಲಿ ಇಂದಿಗೂ ಇರುವುದು ಅದೇ ಅಂಕಿ.

ಗಾಳದ ದಾಖಲೆಗಳನ್ನು ಬದಿಗಿಟ್ಟು ನೋಡಿದರೆ ಇದಕ್ಕಿಂತ ಬಹಳ ದೊಡ್ಡ ಮೀನುಗಳಿದ್ದವು. 1891ರಲ್ಲಿ ಉತ್ತರ ಕೆರೊಲಿನಾದ ಈಡೆಂಟನ್‌ನಲ್ಲಿ ಬಲೆಗೆ ಬಿದ್ದ ಸ್ಟ್ರೈಪರ್‌ಗಳಲ್ಲಿ 125 ಪೌಂಡಿನವೂ ಇದ್ದವು ಎಂದು ಆ ಕಾಲದ ವರದಿಗಳು ಹೇಳುತ್ತವೆ. ಅದಕ್ಕೂ ಹಿಂದೆ ವಲಸೆಗಾರರು ನ್ಯೂ ಇಂಗ್ಲೆಂಡಿನಲ್ಲಿ ನೆಲೆನಿಂತ ಕಾಲದಲ್ಲಿ ಈ ಮೀನು ಎಷ್ಟು ಹೇರಳವಾಗಿತ್ತೆಂದರೆ ಹೊಲಕ್ಕೆ ಗೊಬ್ಬರವಾಗಿ ಸುರಿಯುತ್ತಿದ್ದರು. 1639ರಲ್ಲೇ ಮ್ಯಾಸಚೂಸೆಟ್ಸ್ ಬೇ ವಸಾಹತಿನ ಆಡಳಿತ ಸ್ಟ್ರೈಪರ್ ಮತ್ತು ಕಾಡ್ ಮೀನುಗಳನ್ನು ಗೊಬ್ಬರ ಮಾಡಕೂಡದು ಎಂದು ಕಟ್ಟಳೆ ಮಾಡಿತು. ಪ್ಲಿಮತ್ ವಸಾಹತಿನಲ್ಲಿ 1670ರಲ್ಲಿ ಕೇಪ್ ಕಾಡ್‌ನ ಮೀನುಗಾರಿಕೆಯ ಆದಾಯವನ್ನು ಉಚಿತ ಶಾಲೆಗೆ ಮೀಸಲಿಟ್ಟರು. ಆ ಮೀನುಗಳಲ್ಲಿ ಸ್ಟ್ರೈಪರ್‌ ಕೂಡ ಸೇರಿತ್ತು.

ಈಗ 1981, 1982 ಎಂಬ ಎರಡು ವರ್ಷಗಳಿಗೆ ಮರಳಬೇಕು. 68 ವರ್ಷ ಮುರಿಯದಿದ್ದ ದಾಖಲೆ ಹದಿನಾಲ್ಕು ತಿಂಗಳಲ್ಲಿ ಎರಡು ಸಲ ಮುರಿಯಿತು. ಬ್ಲಾಕ್ ಐಲೆಂಡ್ ಎಂಬ ದ್ವೀಪದಲ್ಲಿ ಆ ದಶಕದ ಮೊದಲ ಭಾಗದಲ್ಲಿ ದಡದಿಂದಲೇ 50 ಪೌಂಡಿನ ಮೀನುಗಳು ಸಿಕ್ಕವು. ಹೊರಗಿನಿಂದ ನೋಡಿದವರಿಗೆ ಸುವರ್ಣಕಾಲ ಅನ್ನಿಸಿರಬೇಕು. ವಾಸ್ತವದಲ್ಲಿ ಸ್ಟ್ರೈಪರ್ ವಂಶ ಕುಸಿಯುತ್ತಿದ್ದ ಹೊತ್ತು ಅದು. 1973ರಲ್ಲಿ ಅಟ್ಲಾಂಟಿಕ್ ತೀರದ ವಾಣಿಜ್ಯ ಹಿಡಿತ ಸುಮಾರು ಒಂದೂವರೆ ಕೋಟಿ ಪೌಂಡ್ ಇದ್ದದ್ದು, 1983ಕ್ಕೆ 35 ಲಕ್ಷ ಪೌಂಡಿಗೆ ಇಳಿಯಿತು. ಚೆಸಾಪೀಕ್‌ನಲ್ಲಿ 1970ರಲ್ಲಿ ಮರಿಗಳು ಹೇರಳವಾಗಿ ಹುಟ್ಟಿದ್ದವು. ಅದಾದ ಮೇಲೆ ವರ್ಷ ವರ್ಷವೂ ಮರಿಗಳು ಕಡಿಮೆ. ಹುಟ್ಟಿದ ಅಲ್ಪಸ್ವಲ್ಪವೂ ಒಮ್ಮೆಯೂ ಮೊಟ್ಟೆಯಿಡುವ ಮೊದಲೇ ಬಲೆಗೋ ಗಾಳಕ್ಕೋ ಬೀಳುತ್ತಿತ್ತು. ಸಾಗರದಲ್ಲಿ ಉಳಿದದ್ದು ಹಳೆಯ ತಲೆಮಾರಿನ ಭಾರಿ ಹೆಣ್ಣುಗಳು. ಗಾಳಕ್ಕೆ ಸಿಗುತ್ತಿದ್ದವುಗಳಲ್ಲಿ ಎಳೆಯವು ಇರಲೇ ಇಲ್ಲ ಎಂಬುದರಿಂದಲೇ ದೊಡ್ಡವು ಅಷ್ಟು ಎದ್ದು ಕಂಡವು.

ಮಕ್ಕಳಿಲ್ಲದ ಊರಿನಲ್ಲಿ ಅಜ್ಜಿಯರಷ್ಟೇ ಕಾಣಿಸುವ ಹಾಗಿನ ಸ್ಥಿತಿ ಅದು. ದೊಡ್ಡ ಮೀನಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದದ್ದು ಇದು: 50 ಪೌಂಡಿನ ಮೀನುಗಳು ಸಾಲುಸಾಲಾಗಿ ಸಿಗುತ್ತಿವೆ, ಸ್ಕೂಲಿಗಳು ಮಾತ್ರ ಕಾಣುತ್ತಿಲ್ಲ ಎಂದಾದರೆ ಗಾಳಗಾರ ಎಚ್ಚರಗೊಳ್ಳಬೇಕು. ಈ ಮೀನಿನ ಬಗ್ಗೆ ಅದಕ್ಕೂ ಮೊದಲೇ ಎಚ್ಚರಗೊಂಡವರು ಕೆಲವರಿದ್ದರು. ಗಾಳಗಾರರೂ ಆಗಿದ್ದ ಪತ್ರಕರ್ತ ರಾಬರ್ಟ್ ಬಾಯ್ಲ್ ಅವರಲ್ಲಿ ಒಬ್ಬರು. 1960ರ ದಶಕದಲ್ಲಿ ಕಾನ್ ಎಡಿಸನ್ ವಿದ್ಯುತ್ ಕಂಪನಿ ಹಡ್ಸನ್ ನದಿಯ ದಡದ ಸ್ಟಾರ್ಮ್ ಕಿಂಗ್ ಬೆಟ್ಟದಲ್ಲಿ ನೀರೆತ್ತಿ ವಿದ್ಯುತ್ ಮಾಡುವ ಸ್ಥಾವರ ಕಟ್ಟಲು ಹೊರಟಾಗ, ಅಲ್ಲೇ ಸ್ಟ್ರೈಪರ್ ಮೊಟ್ಟೆಯಿಡುತ್ತದೆ, ಪಂಪುಗಳು ಮೊಟ್ಟೆ ಮರಿಗಳನ್ನೆಲ್ಲ ಎಳೆದು ಕೊಲ್ಲುತ್ತವೆ ಎಂದು ಅವರು 1965ರಲ್ಲಿ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ಮೇಲ್ಮನವಿ ನ್ಯಾಯಾಲಯ, ಪ್ರಕೃತಿಯ ರಕ್ಷಣೆಗಾಗಿ ನಾಗರಿಕರ ಸಂಘಟನೆಯೂ ದಾವೆ ಹೂಡಬಹುದು ಎಂದು ತೀರ್ಪಿತ್ತಿತು. ಹದಿನೈದು ವರ್ಷ ಎಳೆದಾಡಿ 1980ರಲ್ಲಿ ಕಂಪನಿ ಯೋಜನೆಯನ್ನು ಕೈಬಿಟ್ಟಿತು. ಇಂದಿನ ಅಮೆರಿಕದ ಪರಿಸರ ಕಾನೂನಿನ ಇತಿಹಾಸ ಬರೆಯುವವರು ಈ ಮೊಕದ್ದಮೆಯಿಂದಲೇ ಆರಂಭಿಸುವುದುಂಟು. 1985ರಲ್ಲಿ ಮ್ಯಾನ್‌ಹಟನ್ನಿನ ಪಶ್ಚಿಮ ದಡವನ್ನು ಹೂಳಿ ಹೆದ್ದಾರಿ ಮಾಡುವ ವೆಸ್ಟ್‌ವೇ ಯೋಜನೆಯೂ ಹಾಗೆಯೇ ನಿಂತಿತು. ಅಲ್ಲಿನ ಹಳೆಯ ಹಡಗುಕಟ್ಟೆಗಳ ನಡುವೆ ಸ್ಟ್ರೈಪರ್ ಮರಿಗಳು ಚಳಿಗಾಲ ಕಳೆಯುತ್ತವೆ ಎಂಬುದೇ ಅದನ್ನು ತಡೆದ ಮುಖ್ಯ ವಾದ.

ಕರಾವಳಿಯ ಉದ್ದಕ್ಕೂ ಹಿಡಿತಕ್ಕೆ ಕಡಿವಾಣ ಬಿದ್ದದ್ದೂ ಆಗಲೇ. 1984ರಲ್ಲಿ ಅಮೆರಿಕದ ಸಂಸತ್ತು ಅಟ್ಲಾಂಟಿಕ್ ಸ್ಟ್ರೈಪ್ಡ್ ಬಾಸ್ ಸಂರಕ್ಷಣಾ ಕಾಯ್ದೆ ಮಾಡಿತು. ಅಟ್ಲಾಂಟಿಕ್ ರಾಜ್ಯಗಳ ಮೀನುಗಾರಿಕಾ ಆಯೋಗದ ಯೋಜನೆಯನ್ನು ಪಾಲಿಸದ ರಾಜ್ಯದಲ್ಲಿ ಈ ಮೀನನ್ನು ಹಿಡಿಯುವುದನ್ನೇ ನಿಲ್ಲಿಸುವ ಅಧಿಕಾರ ಕೇಂದ್ರಕ್ಕೆ ಬಂತು. 1985ರ ಜನವರಿ 1ರಿಂದ ಮೇರಿಲ್ಯಾಂಡ್ ಸ್ಟ್ರೈಪರ್ ಹಿಡಿಯುವುದನ್ನು ಪೂರ್ತಿಯಾಗಿ ನಿಷೇಧಿಸಿತು. ಡೆಲವೇರ್ ಕೂಡ ಹಾಗೆಯೇ ಮಾಡಿತು. ತಲೆಮಾರುಗಳಿಂದ ಇದನ್ನೇ ನಂಬಿ ಬದುಕಿದ್ದ ಕೊಲ್ಲಿಯ ಬಲೆಗಾರರಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಅವರು ಕೊಟ್ಟ ಬೆಲೆಯನ್ನು ಮರೆಯಬಾರದು. ಆಯೋಗ ಒಂದು ಗುರಿ ಇಟ್ಟಿತು: 1982ರಲ್ಲಿ ಹುಟ್ಟಿದ ಹೆಣ್ಣುಮೀನುಗಳಲ್ಲಿ ನೂರಕ್ಕೆ 95ರಷ್ಟು ಒಮ್ಮೆಯಾದರೂ ಮೊಟ್ಟೆಯಿಡುವವರೆಗೆ ಅವನ್ನು ಕಾಪಾಡಬೇಕು. ಅಟ್ಲಾಂಟಿಕ್ ಸಿಟಿಯಲ್ಲಿ ಮೆಕ್‌ರೆನಾಲ್ಡ್ಸ್ ದಾಖಲೆಯ ಮೀನನ್ನು ಹಿಡಿದ ಅದೇ ವರ್ಷ ಹುಟ್ಟಿದ ಮರಿಗಳು ಅವು. ಅವು ಬೆಳೆದಂತೆ ಹಿಡಿಯಬಹುದಾದ ಮೀನಿನ ಕನಿಷ್ಠ ಉದ್ದವನ್ನೂ ಏರಿಸುತ್ತಾ ಹೋದರು. 1989ರಲ್ಲಿ ಮೇರಿಲ್ಯಾಂಡಿನ ಮರಿಗಳ ಎಣಿಕೆ ಬಹಳ ವರ್ಷಗಳ ಮೇಲೆ ಎತ್ತರಕ್ಕೆ ಏರಿತು, 1990ರಲ್ಲಿ ಮಿತಿಗಳೊಡನೆ ಮೀನುಗಾರಿಕೆ ಮತ್ತೆ ತೆರೆಯಿತು, 1995ರಲ್ಲಿ ಸ್ಟ್ರೈಪರ್ ಚೇತರಿಸಿಕೊಂಡಿದೆ ಎಂದು ಆಯೋಗ ಘೋಷಿಸಿತು. ಕಡಲ ಮೀನೊಂದನ್ನು ಅಳಿವಿನ ಅಂಚಿನಿಂದ ಹೀಗೆ ಎತ್ತಿ ತಂದ ಉದಾಹರಣೆ ಬಹಳ ಇಲ್ಲ.

ಗಾಳಗಾರರ ಸ್ಪರ್ಧೆಗಳೂ ಆ ವರ್ಷಗಳಲ್ಲಿ ಬದಲಾದವು. ಮಾರ್ಥಾಸ್ ವೈನ್‌ಯಾರ್ಡ್ ದ್ವೀಪದಲ್ಲಿ 1946ರಿಂದ ನಡೆದುಕೊಂಡು ಬಂದ ಹೆಸರಾಂತ ಡರ್ಬಿ, ತನ್ನ ಹೆಸರಿನಲ್ಲೇ ಇದ್ದ ಸ್ಟ್ರೈಪ್ಡ್ ಬಾಸ್ ಮೀನನ್ನು 1985ರಲ್ಲಿ ಸ್ಪರ್ಧೆಯಿಂದ ಹೊರಗಿಟ್ಟು ಹಲವು ವರ್ಷ ಬ್ಲೂಫಿಶ್ ಮುಂತಾದವುಗಳಿಗಷ್ಟೇ ಬಹುಮಾನ ಕೊಟ್ಟಿತು.

ದೊಡ್ಡದು ಎಂಬುದನ್ನು ಅಳೆಯುವ ಬಗೆಯೂ ಅಂದಿನಿಂದ ನಿಧಾನವಾಗಿ ತಕ್ಕಡಿಯಿಂದ ಅಳತೆಪಟ್ಟಿಗೆ ಬಂತು. ಕಾರಣ ಹೆಣ್ಣುಮೀನಿನ ಹೊಟ್ಟೆಯಲ್ಲಿದೆ. ಮೊದಲ ಸಲ ಮೊಟ್ಟೆಯಿಡುವ ಹೆಣ್ಣಿನಲ್ಲಿ ಸುಮಾರು ಐದು ಲಕ್ಷ ಮೊಟ್ಟೆಗಳಿದ್ದರೆ, 50 ಪೌಂಡಿನ ಹೆಣ್ಣಿನಲ್ಲಿ 30 ಲಕ್ಷಕ್ಕೂ ಹೆಚ್ಚು ಇರುತ್ತವೆ. ಅಷ್ಟು ಬೆಳೆಯಲು ಅದಕ್ಕೆ ಹದಿನೈದು ವರ್ಷ ಮೀರಿ ಬೇಕು, ಹಲವು ವೇಳೆ ಇಪ್ಪತ್ತರ ಆಸುಪಾಸು. ಮೂವತ್ತು ವರ್ಷ ಬದುಕಿದವೂ ದಾಖಲಾಗಿವೆ. ಹಿಂದೆ ಅಂಥ ಮೀನನ್ನು ಅಂಗಡಿಯ ಕೊಕ್ಕೆಗೆ ನೇತುಹಾಕಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು, ಚರ್ಮ ಸುಲಿಸಿ ಗೋಡೆಗೆ ಏರಿಸುತ್ತಿದ್ದರು. ಈಗ ನೀರಿನ ಪಕ್ಕದಲ್ಲೇ ಅಳತೆಪಟ್ಟಿಯ ಮೇಲೆ ಮಲಗಿಸಿ, ಒಂದು ಚಿತ್ರ ತೆಗೆದು, ನೀರಿಗೆ ಬಿಟ್ಟುಬಿಡುವವರೇ ಹೆಚ್ಚು. 40 ಇಂಚು, 45 ಇಂಚು, 50 ಇಂಚು ಎಂದು ಮಾತಾಡುತ್ತಾರೆ. ಉದ್ದವನ್ನೇ ನೋಡಿ ಬಹುಮಾನ ಕೊಡುವ ಸ್ಪರ್ಧೆಗಳು ಬೆಳೆದಿವೆ; ಅಂತರರಾಷ್ಟ್ರೀಯ ಸಂಘವೂ 2011ರಿಂದ ಬಿಟ್ಟ ಮೀನುಗಳಿಗೆ ಉದ್ದದ ದಾಖಲೆಯನ್ನು ಇಟ್ಟಿದೆ.

ಬಿಟ್ಟ ಮೀನೆಲ್ಲ ಬದುಕುತ್ತದೆ ಎಂದುಕೊಳ್ಳುವ ಹಾಗೂ ಇಲ್ಲ. ಬಿಟ್ಟವುಗಳಲ್ಲಿ ನೂರಕ್ಕೆ ಒಂಬತ್ತು ಸಾಯುತ್ತವೆ ಎಂಬ ಲೆಕ್ಕವನ್ನು ಆಯೋಗ ಬಳಸುತ್ತದೆ. ಹಿಡಿದು ಬಿಡುವ ಮೀನುಗಳ ಸಂಖ್ಯೆ ಅಗಾಧವಾಗಿರುವುದರಿಂದ, ಹೀಗೆ ಸಾಯುವವು ಕೆಲವು ವರ್ಷ ಮನೆಗೆ ಒಯ್ದವುಗಳಿಗೆ ಸರಿಸಮ ಎನ್ನುವಷ್ಟಾಗಿವೆ. ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಬಹಳ ಹೊತ್ತು ಎಳೆದಾಡಿದ ಭಾರದ ಮೀನು ಚೇತರಿಸಿಕೊಳ್ಳುವುದು ಕಷ್ಟ. ದವಡೆ ಹಿಡಿದು ನೆಟ್ಟಗೆ ಎತ್ತಿದರೆ ಅದರದೇ ಭಾರ ಒಳಗೆ ಪೆಟ್ಟು ಮಾಡುತ್ತದೆ. ಹೊಟ್ಟೆಯ ಕೆಳಗೆ ಕೈಕೊಟ್ಟು ಅಡ್ಡಲಾಗಿ ಹಿಡಿಯಬೇಕು. ಎರೆ ನುಂಗಿದಾಗ ಗಂಟಲಿಗೆ ಇಳಿಯದೆ ಬಾಯಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುವ ವೃತ್ತಾಕಾರದ ಗಾಳವನ್ನು ಈಗ ಸಹಜ ಎರೆ ಬಳಸುವವರಿಗೆ ಕಡ್ಡಾಯ ಮಾಡಿದ್ದಾರೆ. ಚೂಪು ಕೊಕ್ಕೆಯಿಂದ ಚುಚ್ಚಿ ಎತ್ತುವುದನ್ನು 2022ರ ನಿಯಮ ನಿಷೇಧಿಸಿದೆ.

ಇಷ್ಟೆಲ್ಲ ಬಿಗಿಗೆ ಕಾರಣವಿದೆ. 2019ರಲ್ಲಿ ಹೊರಬಂದ ಅಧ್ಯಯನ, ಸ್ಟ್ರೈಪರ್ ಸಂಖ್ಯೆ ಮತ್ತೆ ಅಪಾಯದ ಮಟ್ಟಕ್ಕೆ ಇಳಿದಿದೆ ಎಂದಿತು. 2020ರಿಂದ ಸಾಗರದಲ್ಲಿ ಹವ್ಯಾಸಿ ಗಾಳಗಾರರು 28 ಇಂಚಿಗಿಂತ ಕಡಿಮೆಯದ್ದನ್ನೂ ಒಯ್ಯುವಂತಿಲ್ಲ, 35 ಇಂಚು ಮುಟ್ಟಿದ್ದನ್ನೂ ಒಯ್ಯುವಂತಿಲ್ಲ ಎಂಬ ನಿಯಮ ಬಂತು. 2023ರಲ್ಲಿ ಮೇಲಿನ ಮಿತಿಯನ್ನು ತುರ್ತಾಗಿ 31 ಇಂಚಿಗೆ ಇಳಿಸಿದರು. ಹೀಗಾಗಿ ಹಿಂದೆ ಮನೆಗೆ ಒಯ್ದು ಮೆರೆಸುತ್ತಿದ್ದ ಗಾತ್ರದ ಪ್ರತಿಯೊಂದು ಮೀನೂ ಈಗ ಕಾನೂನಿನ ಪ್ರಕಾರವೇ ನೀರಿಗೆ ಮರಳಬೇಕು. 81 ಪೌಂಡ್ 14 ಔನ್ಸಿನ ದಾಖಲೆಯನ್ನು ಮುರಿಯುವ ಮೀನು ನಾಳೆ ಅದೇ ಲಾಂಗ್ ಐಲೆಂಡ್ ಸೌಂಡ್‌ನಲ್ಲಿ ಸಿಕ್ಕರೂ, ಅದನ್ನು ಕಾರಿನಲ್ಲಿ ಹಾಕಿಕೊಂಡು ಅಂಗಡಿಯ ತಕ್ಕಡಿಗೆ ಒಯ್ಯುವ ಹಾಗಿಲ್ಲ.

ಮೇರಿಲ್ಯಾಂಡಿನವರು 1954ರಿಂದ ಪ್ರತಿ ಬೇಸಿಗೆಯಲ್ಲೂ ಚೆಸಾಪೀಕ್‌ನ ಮೊಟ್ಟೆಯಿಡುವ ನೀರುಗಳಲ್ಲಿ ಎಳೆಬಲೆ ಹಾಕಿ ಆ ವರ್ಷದ ಮರಿಗಳನ್ನು ಎಣಿಸುತ್ತಾರೆ. 22 ಕಡೆ, ಮೂರು ಸುತ್ತು. ಒಂದು ಎಳೆತಕ್ಕೆ ಸರಾಸರಿ 11 ಮರಿ ಸಿಗುವುದು ದೀರ್ಘಕಾಲದ ಲೆಕ್ಕ. 2011ರಲ್ಲಿ ಅದು 34 ಮೀರಿತ್ತು, 2015ರಲ್ಲಿ 24 ಮೀರಿತ್ತು. ಈಚಿನ ವರ್ಷಗಳಲ್ಲಿ ಗಾಳಗಾರರು ಹಿಡಿದು ಹಿಗ್ಗುತ್ತಿರುವ 40 ಪೌಂಡಿನ ಸುತ್ತಿನ ಮೀನುಗಳಲ್ಲಿ 2011ರ ಮರಿಗಳೇ ಎದ್ದು ಕಾಣುತ್ತವೆ. 2019ರಿಂದ ಎಣಿಕೆ ಒಂದು ವರ್ಷವೂ ಸರಾಸರಿಯ ಹತ್ತಿರ ಬಂದಿಲ್ಲ. 2023ರಲ್ಲಿ 1, 2024ರಲ್ಲಿ 2. ಸಾಗರದಲ್ಲಿ ಭಾರದ ಮೀನು, ನದಿಯಲ್ಲಿ ಖಾಲಿ ಬಲೆ: 1980ರ ದಶಕದ ಆರಂಭದಲ್ಲಿ ಇದ್ದದ್ದೂ ಇದೇ. ಮೊಟ್ಟೆಯಿಡುವ ಹೆಣ್ಣುಗಳ ಒಟ್ಟು ತೂಕವನ್ನು ಗುರಿಯ ಮಟ್ಟಕ್ಕೆ ತರಲು ಆಯೋಗ ಹಾಕಿಕೊಂಡ ಗಡುವು 2029. ವರ್ಷದ ಕೆಲವು ತಿಂಗಳು ಗಾಳವನ್ನೇ ಇಳಿಸದಂತೆ ಮಾಡಬೇಕೆ ಎಂಬ ಚರ್ಚೆ ಅದರ ಸಭೆಗಳಲ್ಲಿ ನಡೆದಿದೆ. ಹಾಗೆ ಮಾಡಲಿ ಎಂದು ಒತ್ತಾಯಿಸಿದವರಲ್ಲಿ, 1985ರ ನಿಷೇಧವನ್ನು ಕಂಡು ಬಂದ ಹಳೆಯ ಗಾಳಗಾರರೂ ಇದ್ದರು.